ಹೆಪಟೈಟಿಸ್ ಸಿ: ಕಾರ್ಡ್, ಎಲಿಸಾ, ಪಿಸಿಆರ್‌ಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು?

ಜಗಳೂರು ಕಡೆಯ ಯಜಮಾನರೊಬ್ಬರು ಕಣ್ಣಿನ ಪೊರೆ ತೆಗೆಸಲು ದಾವಣಗೆರೆಗೆ ಬಂದಿದ್ದರು. ಆಪರೇಷನ್‌ಗೆ ಮುಂಚೆ ಮಾಮೂಲಿ ರಕ್ತಪರೀಕ್ಷೆ ಮಾಡುತ್ತಾರಲ್ಲ, ಅದರಲ್ಲಿ ಎಚ್‌ಸಿವಿ, ಅಂದರೆ ಹೆಪಟೈಟಿಸ್ ಸಿ ವೈರಸ್ಸಿನ ಟೆಸ್ಟ್ ಕಾರ್ಡಿನ ಮೇಲೆ, ಪಾಸಿಟಿವ್ ಎನ್ನುವ ಎರಡನೇ ಗೆರೆ ಬಂತು. ತೀರಾ ತೆಳು ಗೆರೆ. ಬೆಳಕಿಗೆ ಹಿಡಿದರೆ ಇದೆ, ಸ್ವಲ್ಪ ಓರೆ ಮಾಡಿದರೆ ಇಲ್ಲ. ಆಪರೇಷನ್ ಮುಂದಕ್ಕೆ ಹೋಯಿತು. ಚೀಟಿ ಹಿಡಿದು ನಮ್ಮ ಲ್ಯಾಬಿಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು, “ಸರ್, ನಂಗೆ ಕಾಮಣಿ ಐತಾ? ಕಣ್ಣು ಹಳದಿನೇ ಆಗಿಲ್ವಲ್ಲ?”

ಲ್ಯಾಬಿನಲ್ಲಿ ಕೆಲಸ ಮಾಡುವವನಿಗೆ ಈ ಪ್ರಶ್ನೆ ಹೊಸದಲ್ಲ. ಹೆಪಟೈಟಿಸ್ ಸಿ ಬಂದವರಲ್ಲಿ ಬಹಳ ಜನಕ್ಕೆ ಕಣ್ಣು ಹಳದಿ ಆಗುವುದೇ ಇಲ್ಲ, ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರ್ ಕೆಡುತ್ತಾ ಹೋಗುತ್ತದೆ. ಅದು ನಿಜ. ಆದರೆ ಒಂದು ತೆಳು ಗೆರೆ ನೋಡಿ ರೋಗ ಇದೆ ಎಂದು ತೀರ್ಮಾನ ಮಾಡುವುದೂ ತಪ್ಪು. ಆಮೇಲೆ ಜನ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಹೆದರಿ ಇದ್ದಬದ್ದ ಟೆಸ್ಟ್ ಎಲ್ಲ ಮಾಡಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಅದೇ ಕಾರ್ಡ್ ಟೆಸ್ಟನ್ನು ಮೂರು ಲ್ಯಾಬಿನಲ್ಲಿ ಮಾಡಿಸಿ, ಎರಡು ಕಡೆ ನೆಗೆಟಿವ್ ಬಂತು, ಹಾಗಾಗಿ ಏನಿಲ್ಲ ಎಂದು ವೋಟು ಎಣಿಸುತ್ತಾರೆ. ಎರಡೂ ಬೇಡ. ಯಾವ ಟೆಸ್ಟ್ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಹೆಜ್ಜೆಗುರುತು ಬೇರೆ, ಹಂದಿ ಬೇರೆ

ನಮ್ಮ ಕಡೆ ಮೆಕ್ಕೆಜೋಳದ ಹೊಲ ಇರುವವರಿಗೆ ಇದನ್ನು ಹೀಗೆ ಹೇಳುತ್ತೇನೆ. ಬೆಳಿಗ್ಗೆ ಹೊಲಕ್ಕೆ ಹೋದಾಗ ಕಾಡುಹಂದಿಯ ಹೆಜ್ಜೆ ಕಾಣುತ್ತದೆ. ಹಂದಿ ಬಂದಿತ್ತು ಅನ್ನುವುದು ಖಾತ್ರಿ. ಆದರೆ ಅದು ಈಗಲೂ ಜೋಳದ ನಡುವೆ ಅಡಗಿದೆಯಾ, ರಾತ್ರಿಯೇ ಹೊರಟುಹೋಯಿತಾ ಎಂದು ಹೆಜ್ಜೆ ನೋಡಿ ಹೇಳಲು ಆಗಲ್ಲ. ಕೆಲವು ಸಲ ಅದು ಪಕ್ಕದ ಮನೆ ನಾಯಿಯ ಹೆಜ್ಜೆಯೂ ಆಗಿರುತ್ತದೆ.

ಆಂಟಿಬಾಡಿ ಅಂದರೆ ಈ ಹೆಜ್ಜೆ. ವೈರಸ್ ಮೈಗೆ ಹೊಕ್ಕಾಗ ನಮ್ಮ ರೋಗನಿರೋಧಕ ವ್ಯವಸ್ಥೆ ಅದರ ವಿರುದ್ಧ ತಯಾರಿಸುವ ಪ್ರೋಟೀನ್ ಅದು. ಕಾರ್ಡ್, ಎಲಿಸಾ, ಕ್ಲಿಯಾ ಮೂರೂ ಹುಡುಕುವುದು ಅದನ್ನೇ. ಸೋಂಕು ತಗುಲಿದವರಲ್ಲಿ ಸುಮಾರು 30% ಜನ, ಬೇರೆ ಬೇರೆ ಕಡೆ 15ರಿಂದ 45%, ಯಾವ ಮದ್ದೂ ಇಲ್ಲದೆ ಆರು ತಿಂಗಳೊಳಗೆ ತಾವೇ ವೈರಸ್ಸನ್ನು ಓಡಿಸಿಬಿಡುತ್ತಾರೆ. ಅವರ ರಕ್ತದಲ್ಲೂ ಆಂಟಿಬಾಡಿ ಉಳಿದಿರುತ್ತದೆ. ಔಷಧಿ ತಗೊಂಡು ಗುಣವಾದವರಲ್ಲೂ ಉಳಿದಿರುತ್ತದೆ, ಬಹುಪಾಲು ಜನರಲ್ಲಿ ಜೀವಮಾನವಿಡೀ. ಇನ್ನೊಂದು ವಿಚಿತ್ರ, ಈ ಆಂಟಿಬಾಡಿ ಕಾವಲು ಕಾಯುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದವರಿಗೆ ಆಂಟಿಬಾಡಿ ಇದ್ದರೆ ರಕ್ಷಣೆ ಇದೆ ಎಂದು ಅರ್ಥ. ಸಿಯಲ್ಲಿ ಹಾಗಿಲ್ಲ, ಮತ್ತೆ ತಗುಲಬಹುದು. ಇದಕ್ಕೆ ಲಸಿಕೆಯೂ ಇಲ್ಲ.

ಹಂದಿಯನ್ನೇ ನೋಡಬೇಕು ಅಂದರೆ ಎರಡು ಟೆಸ್ಟ್ ಇವೆ, ಪಿಸಿಆರ್ ಮತ್ತು ಕೋರ್ ಆಂಟಿಜೆನ್. ಅದಕ್ಕೆ ಆಮೇಲೆ ಬರುತ್ತೇನೆ.

ಕಾರ್ಡಾ, ಎಲಿಸಾನಾ?

ಕಾರ್ಡ್ ಅಗ್ಗ, ಕೆಲವೇ ನಿಮಿಷದಲ್ಲಿ ಉತ್ತರ, ಬೆರಳಿನಿಂದ ಒಂದು ಹನಿ ರಕ್ತ ಸಾಕು. ಹಳ್ಳಿ ಕ್ಯಾಂಪಿಗೆ, ರಾತ್ರಿ ಹೊತ್ತಿನ ಎಮರ್ಜೆನ್ಸಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಓದುವ ಕಣ್ಣು ಮನುಷ್ಯನದು. ಕಿಟ್ಟಿನಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಓದಬೇಕು. ಹತ್ತು ಜನರ ಸ್ಯಾಂಪಲ್ ಒಟ್ಟಿಗೆ ಹಾಕಿ, ನಡುವೆ ಚಹಾಕ್ಕೆ ಹೋಗಿ ಬಂದು ನೋಡಿದರೆ ಒಣಗಿದ ಕಾರ್ಡಿನ ಮೇಲೆ ಇಲ್ಲದ ಗೆರೆ ಮೂಡಿರುತ್ತದೆ. ನಮ್ಮ ಕಸುಬಿನ ಗುಟ್ಟು ಇದು, ಹೇಳಬಾರದಿತ್ತೇನೋ.

ಎಲಿಸಾ ಮತ್ತು ಕ್ಲಿಯಾ ಯಂತ್ರದಲ್ಲಿ ಓದುವಂಥವು. ರಿಪೋರ್ಟಿನಲ್ಲಿ ರಿಯಾಕ್ಟಿವ್ (ಅಂದರೆ ಪಾಸಿಟಿವ್) ಅಂತಲೋ ನಾನ್ ರಿಯಾಕ್ಟಿವ್ ಅಂತಲೋ ಬರುವುದರ ಜೊತೆಗೆ ಒಂದು ಸಂಖ್ಯೆಯೂ ಇರುತ್ತದೆ. 1ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ರಿಯಾಕ್ಟಿವ್. ಇಲ್ಲಿ ಬಹಳ ಜನ ಎಡವುತ್ತಾರೆ. 14 ಎಂದು ಬಂದರೆ “ವೈರಸ್ ಹದಿನಾಲ್ಕು ಪಟ್ಟು ಜಾಸ್ತಿ ಆಗಿದೆ” ಎಂದು ಅಳುತ್ತಾ ಬಂದವರನ್ನು ನೋಡಿದ್ದೇನೆ. ಆ ಸಂಖ್ಯೆಗೂ ವೈರಸ್ ಎಷ್ಟಿದೆ ಅನ್ನುವುದಕ್ಕೂ ಸಂಬಂಧ ಇಲ್ಲ. ಸಂಖ್ಯೆ ದೊಡ್ಡದಿದ್ದರೆ ಆಂಟಿಬಾಡಿ ನಿಜವಾಗಿ ಇರುವ ಸಾಧ್ಯತೆ ಜಾಸ್ತಿ, 1ರ ಆಸುಪಾಸಿನಲ್ಲಿದ್ದರೆ ಸುಳ್ಳು ಪಾಸಿಟಿವ್ ಇರುವ ಸಾಧ್ಯತೆ ಜಾಸ್ತಿ. ಅಷ್ಟೇ.

ಸುಳ್ಳು ಪಾಸಿಟಿವ್ ಯಾಕೆ ಇಷ್ಟೊಂದು ಕಾಣುತ್ತವೆ ಎನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಒಂದು ಊರಿನ 1,000 ಜನರಲ್ಲಿ 5 ಜನಕ್ಕೆ ಮಾತ್ರ ನಿಜವಾಗಿ ಆಂಟಿಬಾಡಿ ಇದೆ ಎಂದಿಟ್ಟುಕೊಳ್ಳಿ. ಟೆಸ್ಟ್ 99% ಸರಿ ಹೇಳುತ್ತದೆ. ಆ ಐವರೂ ಸಿಕ್ಕಿಬೀಳುತ್ತಾರೆ. ಉಳಿದ 995 ಜನರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 10 ಜನಕ್ಕೆ ಸುಳ್ಳು ಗೆರೆ ಬರುತ್ತದೆ. ಅಂದರೆ ಹದಿನೈದು ಪಾಸಿಟಿವ್‌ನಲ್ಲಿ ಹತ್ತು ಸುಳ್ಳು! ಅದೇ ಟೆಸ್ಟನ್ನು ಸೋಂಕು ಜಾಸ್ತಿ ಇರುವ 1,000 ಜನರ ಮೇಲೆ ಮಾಡಿ, ಅವರಲ್ಲಿ 100 ಜನಕ್ಕೆ ಆಂಟಿಬಾಡಿ ಇದೆ ಎನ್ನೋಣ. ಆಗ 99 ನಿಜ, 9 ಸುಳ್ಳು. ಕಾರ್ಡ್ ಬದಲಾಗಲಿಲ್ಲ, ಪರೀಕ್ಷೆ ಮಾಡಿಸಿಕೊಂಡ ಜನ ಬದಲಾದರು. ಹಾಗಾಗಿ ಗೆರೆ ಕಂಡ ಕೂಡಲೇ ಕೇಳಬೇಕಾದದ್ದು, ಈ ಮನುಷ್ಯನಿಗೆ ಸೋಂಕು ತಗುಲುವ ದಾರಿ ಏನಾದರೂ ಇತ್ತಾ? ತೊಂಬತ್ತರ ದಶಕದಲ್ಲೋ ಅದಕ್ಕೂ ಮೊದಲೋ ರಕ್ತ ಹಾಕಿಸಿಕೊಂಡಿದ್ದರಾ, ಡಯಾಲಿಸಿಸ್ ನಡೆಯುತ್ತಿದೆಯಾ, ಒಂದೇ ಸೂಜಿಯನ್ನು ನಾಲ್ಕು ಜನಕ್ಕೆ ಚುಚ್ಚುವವರ ಹತ್ತಿರ ಇಂಜೆಕ್ಷನ್ ತಗೊಂಡಿದ್ದರಾ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದರಾ?

ಉಲ್ಟಾ ತಪ್ಪೂ ಆಗುತ್ತದೆ. ಡಯಾಲಿಸಿಸ್‌ನವರು, ಎಚ್‌ಐವಿ ಇರುವವರು, ಕಿಡ್ನಿ ಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುವವರು, ಇವರ ಮೈ ಕೆಲವು ಸಲ ಆಂಟಿಬಾಡಿ ತಯಾರಿಸುವುದರಲ್ಲೇ ಸೋಲುತ್ತದೆ. ವೈರಸ್ ಇದ್ದೂ ಗೆರೆ ಬರದೇ ಇರಬಹುದು. ಇಂಥವರಿಗೆ ಅನುಮಾನ ಇದ್ದರೆ ಕಾರ್ಡನ್ನು ನಂಬಿ ಕೂರದೆ ನೇರ ಪಿಸಿಆರ್.

ಐಜಿಎಂ ಟೆಸ್ಟ್ ಅಂತ ಒಂದು ಕೆಲವು ಪ್ಯಾಕೇಜುಗಳಲ್ಲಿ ಸೇರಿಕೊಂಡಿರುತ್ತದೆ, ಸೋಂಕಿನ ಶುರುವಿನಲ್ಲಿ ಮೈ ತಯಾರಿಸುವ ಬಗೆಯ ಆಂಟಿಬಾಡಿ ಅದು. ಹೆಪಟೈಟಿಸ್ ಎಯಲ್ಲಿ ಐಜಿಎಂ ಬಂದರೆ ಹೊಸ ಸೋಂಕು ಎಂದು ಹೇಳಬಹುದು. ಸಿಯಲ್ಲಿ ಹಳಬರಲ್ಲೂ ಅದು ಬರುತ್ತದೆ, ಹೊಸಬರಲ್ಲಿ ಬರದೆಯೂ ಇರುತ್ತದೆ. ಬೇಡ ಅನ್ನಿ.

ಪಿಸಿಆರಾ, ಕೋರ್ ಆಂಟಿಜೆನ್ನಾ?

ಪಿಸಿಆರ್ ವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಅದರ ವಂಶವಾಹಿಯನ್ನು, ಹುಡುಕುತ್ತದೆ. ಕೋರ್ ಆಂಟಿಜೆನ್ ವೈರಸ್ಸಿನ ಒಳಕವಚದ ಪ್ರೋಟೀನನ್ನು ಹುಡುಕುತ್ತದೆ. ಎರಡೂ “ಈಗ ಇದೆಯಾ” ಅನ್ನುವ ಪ್ರಶ್ನೆಗೆ ಉತ್ತರ. ಕೋರ್ ಆಂಟಿಜೆನ್ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ, ಆದರೆ ವೈರಸ್ ತೀರಾ ಕಡಿಮೆ ಇದ್ದಾಗ ಕೈಕೊಡುತ್ತದೆ. ಚಿಕಿತ್ಸೆ ಆಗದ ಹಳೆ ರೋಗಿಯ ರಕ್ತದಲ್ಲಿ ಒಂದು ಮಿಲಿಲೀಟರಿಗೆ ಲಕ್ಷಗಟ್ಟಲೆ ವೈರಸ್ ಇರುವುದರಿಂದ ಸಾಮಾನ್ಯವಾಗಿ ತಪ್ಪಿಸಿಕೊಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2017ರ ಮಾರ್ಗಸೂಚಿಯಲ್ಲಿ ಇದನ್ನು ಪಿಸಿಆರ್‌ಗೆ ಪರ್ಯಾಯವಾಗಿ ಒಪ್ಪಿದೆ. ನಮ್ಮ ಕಡೆ ಕೇಳಿದರೆ ಸಿಗುವುದು ಅಪರೂಪ, ಪಿಸಿಆರ್ ಸುಲಭವಾಗಿ ಸಿಗುತ್ತದೆ. ಹಾಗಾಗಿ ನನ್ನ ವೋಟು ಪಿಸಿಆರ್‌ಗೆ. ಟಿಬಿಗೆ, ಕೋವಿಡ್‌ಗೆ ಓಡಿಸಿದ ಟ್ರೂನ್ಯಾಟ್, ಜೀನ್‌ಎಕ್ಸ್‌ಪರ್ಟ್ ಯಂತ್ರಗಳಿಗೂ ಎಚ್‌ಸಿವಿಯ ಚಿಪ್ಪು, ಕಾರ್ಟ್ರಿಡ್ಜು ಇವೆ. ಪಿಸಿಆರ್ ಎಂದಾಗ ಅವೂ ನಡೆಯುತ್ತವೆ.

ರಿಪೋರ್ಟಿನಲ್ಲಿ 8 ಲಕ್ಷ, 40 ಲಕ್ಷ ಎಂದು ಬಂದರೆ ಗಾಬರಿ ಬೇಡ. ವೈರಸ್ ಎಣಿಕೆಗೂ ಲಿವರ್ ಎಷ್ಟು ಕೆಟ್ಟಿದೆ ಅನ್ನುವುದಕ್ಕೂ ತಾಳೆ ಇಲ್ಲ. ಇದೆಯಾ, ಇಲ್ಲವಾ ಅನ್ನುವುದೇ ಮುಖ್ಯ.

ಇತ್ತೀಚೆಗೆ ತಗುಲಿರಬಹುದು ಎಂಬ ಅನುಮಾನ ಇದ್ದರೆ ಪಿಸಿಆರ್ ಮತ್ತು ಆಂಟಿಬಾಡಿ ನಡುವಿನ ವ್ಯತ್ಯಾಸ ಇನ್ನೂ ದೊಡ್ಡದು. ಪಿಸಿಆರ್ ಒಂದೆರಡು ವಾರದಲ್ಲೇ ಹಿಡಿಯುತ್ತದೆ, ಆಂಟಿಬಾಡಿ ಕಾಣಲು 8ರಿಂದ 11 ವಾರ ಬೇಕು. ನನಗೇ ಒಂದು ಸಲ ಸ್ಯಾಂಪಲ್ ತೆಗೆಯುವಾಗ ಸೂಜಿ ಚುಚ್ಚಿತು. ಮೊದಲ ದಿನ ಆಂಟಿಬಾಡಿ ಮಾಡಿದೆವು. ಅದು ಹೊಸ ಸೋಂಕು ಹಿಡಿಯಲು ಅಲ್ಲ, ಮೊದಲೇ ಇರಲಿಲ್ಲ ಎಂದು ದಾಖಲೆಗೆ. ನಾಲ್ಕನೇ ವಾರ ಪಿಸಿಆರ್, ಐದನೇ ತಿಂಗಳು ಮತ್ತೆ ಆಂಟಿಬಾಡಿ. ಎಲ್ಲ ನೆಗೆಟಿವ್. ಮಧ್ಯದ ಆ ನಾಲ್ಕು ವಾರ ನಿದ್ದೆ ಬರಲಿಲ್ಲ ಅನ್ನುವುದು ಬೇರೆ ಮಾತು.

ಜಗಳೂರಿನ ಯಜಮಾನರಿಗೆ ಕ್ಲಿಯಾದಲ್ಲಿ 1.2 ಬಂತು. ಅದೇ ದಿನ ತೆಗೆದ ನೇರಳೆ ಮುಚ್ಚಳದ ಟ್ಯೂಬಿನ ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ, ತಣ್ಣಗಿಟ್ಟು ಬೆಂಗಳೂರಿಗೆ ಕಳಿಸಿದೆವು. ವೈರಸ್ ಇಲ್ಲ ಎಂದು ಬಂತು. ಕಣ್ಣಿನ ಆಪರೇಷನ್ ಆಯಿತು.

ನಮ್ಮ ಮಾವನ ಫೈಲು

ಎಲ್ಲರದ್ದೂ ಹೀಗೆ ಮುಗಿಯಲ್ಲ. ಹಿರಿಯೂರಿನಲ್ಲಿರುವ ನನ್ನ ಸೋದರಮಾವನಿಗೆ ತೊಂಬತ್ತರ ದಶಕದಲ್ಲಿ ಹೈವೇಯಲ್ಲಿ ಲಾರಿ ಗುದ್ದಿ ಮೂರು ಬಾಟಲಿ ರಕ್ತ ಹಾಕಿದ್ದರು. ವೈರಸ್ಸನ್ನು ಕಂಡುಹಿಡಿದದ್ದೇ 1989ರಲ್ಲಿ, ರಕ್ತನಿಧಿಗಳಲ್ಲಿ ಅದರ ಪರೀಕ್ಷೆ ಎಲ್ಲ ಕಡೆ ನೆಲೆಯೂರುವ ಹೊತ್ತಿಗೆ ಇನ್ನೂ ವರ್ಷಗಳಾದವು. ಮಾವನಿಗೆ ಗೊತ್ತಾದದ್ದು 56ನೇ ವಯಸ್ಸಿನಲ್ಲಿ, ಹರ್ನಿಯಾ ಆಪರೇಷನ್‌ಗೆ ಮುಂಚೆ. ಕಾರ್ಡ್ ಪಾಸಿಟಿವ್, ಪಿಸಿಆರ್‌ನಲ್ಲೂ ವೈರಸ್ ಇತ್ತು.

ಇಲ್ಲಿಂದ ಮುಂದೆ ಪ್ರಶ್ನೆ ಬದಲಾಗುತ್ತದೆ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡಬೇಕು. ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎನ್‌ಜೈಮ್, ಎಸ್‌ಜಿಒಟಿಯೂ ಅಂಥದ್ದೇ) ನಾರ್ಮಲ್ ಇದ್ದರೆ ಲಿವರ್ ಚೆನ್ನಾಗಿದೆ ಎಂದು ತಿಳಿಯಬೇಡಿ, ಈ ರೋಗದಲ್ಲಿ ಅದು ಏರಿಳಿಯುತ್ತಾ ಇರುತ್ತದೆ. ಸೂಜಿಯಿಂದ ಲಿವರಿನ ಚೂರು ತೆಗೆದು ನೋಡುವ ಬಯಾಪ್ಸಿ ಈಗ ಬಹುತೇಕ ಯಾರಿಗೂ ಬೇಕಾಗಲ್ಲ. ಮನೆಯಲ್ಲೇ ಕ್ಯಾಲ್ಕುಲೇಟರಿನಲ್ಲಿ ಹಾಕಬಹುದಾದ ಲೆಕ್ಕ ಒಂದಿದೆ, ಫಿಬ್-4 ಅಂತ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ತಗೊಂಡು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಮಾವನಿಗೆ ವಯಸ್ಸು 56, ಎಸ್‌ಜಿಒಟಿ 60, ಪ್ಲೇಟ್‌ಲೆಟ್ 1.6 ಲಕ್ಷ ಅಂದರೆ 160 ಸಾವಿರ, ಎಸ್‌ಜಿಪಿಟಿ 81, ಅದರ ವರ್ಗಮೂಲ 9. ಮೇಲೆ 3,360, ಕೆಳಗೆ 1,440, ಉತ್ತರ 2.33. 1.45ಕ್ಕಿಂತ ಕಡಿಮೆ ಇದ್ದರೆ ಲಿವರ್ ಜಾಸ್ತಿ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ, 3.25 ದಾಟಿದರೆ ಜಾಸ್ತಿ. ಮಾವನದು ನಡುವೆ ಸಿಕ್ಕಿಹಾಕಿಕೊಂಡಿತು. ಅಂಥ ಕಡೆ ಲಿವರಿನ ಗಡುಸನ್ನು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಖರ್ಚು ಮಾಡಿದರೆ ಅರ್ಥ ಇದೆ. ಮಾಡಿಸಿದೆವು, ಸಿರೋಸಿಸ್ (ಲಿವರ್ ಗಾಯಗಟ್ಟಿ ಪೂರ್ತಿ ಗಡುಸಾಗುವ ಹಂತ) ಆಗಿರಲಿಲ್ಲ.

ಚಿಕಿತ್ಸೆಗೆ ಮೊದಲು ಬಿಡಲೇಬಾರದ ಇಮ್ಯೂನ್ ಟೆಸ್ಟ್ ಒಂದಿದೆ, ಅದು ಸಿಯದ್ದಲ್ಲ, ಬಿಯದ್ದು. ಬಹಳ ಕಡೆ ಎಚ್‌ಬಿಎಸ್‌ಎಜಿ, ಅಂದರೆ ಬಿ ವೈರಸ್ಸಿನ ಹೊರಮೈ ಪ್ರೋಟೀನ್ ಹುಡುಕುವ ಟೆಸ್ಟ್, ಒಂದನ್ನೇ ಮಾಡುತ್ತಾರೆ. ಅದು ನೆಗೆಟಿವ್ ಇದ್ದರೂ ಹಳೆ ಹೆಪಟೈಟಿಸ್ ಬಿ ಲಿವರಿನಲ್ಲಿ ಮಲಗಿರಬಹುದು, ಅದನ್ನು ತೋರಿಸುವುದು ಆಂಟಿ ಎಚ್‌ಬಿಸಿ ಟೋಟಲ್ ಎಂಬ ಆಂಟಿಬಾಡಿ ಟೆಸ್ಟ್. ಸಿ ವೈರಸ್ ಖಾಲಿಯಾದ ಕೂಡಲೇ ಮಲಗಿದ್ದ ಬಿ ಎದ್ದು ಕೂತ ಉದಾಹರಣೆಗಳಿವೆ. 2016ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸಿಗೆ ಕೊಡುವ ಔಷಧಿಗಳ ಮಾಹಿತಿ ಪತ್ರದಲ್ಲಿ ಚೌಕಟ್ಟು ಹಾಕಿ ಇದರ ಎಚ್ಚರಿಕೆ ಬರೆಸಿತು. ಡಾಕ್ಟರು ಬರೆಯದಿದ್ದರೆ ನೀವೇ ಕೇಳಿ. ಎಚ್‌ಐವಿ ಟೆಸ್ಟೂ ಜೊತೆಗೆ ಇರಲಿ.

ವೈರಸ್ಸಿನ ಒಳತಳಿ ಯಾವುದು ಎಂದು ಹೇಳುವ ಜೀನೋಟೈಪ್ ಟೆಸ್ಟ್ ಬೇಕಾ? ದುಬಾರಿ, ಬಹಳ ಜನಕ್ಕೆ ಬೇಡ. ನಮ್ಮ ದೇಶದಲ್ಲಿ 3ನೇ ಜೀನೋಟೈಪ್ ಜಾಸ್ತಿ, ಆಮೇಲೆ 1. ಈಗಿನ ಮಾತ್ರೆಗಳು ಎಲ್ಲದಕ್ಕೂ ಕೆಲಸ ಮಾಡುತ್ತವೆ. ಒಂದು ಸಲ ಚಿಕಿತ್ಸೆ ಸೋತವರಿಗೆ, ತೊಡಕು ಇರುವವರಿಗೆ ಡಾಕ್ಟರು ಹೇಳಿದರೆ ಮಾಡಿಸಿ. ಐಎಲ್-28ಬಿ ಎಂಬ ಜೀನ್ ಟೆಸ್ಟನ್ನಂತೂ ಮರೆತುಬಿಡಿ. ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್ ಚುಚ್ಚಿಸಿಕೊಂಡು ಆರು ತಿಂಗಳು, ಒಂದು ವರ್ಷ ಜ್ವರದಲ್ಲಿ ಬಳಲುತ್ತಿದ್ದ ಕಾಲದಲ್ಲಿ ಯಾರಿಗೆ ಗುಣವಾಗುತ್ತದೆ ಎಂದು ಊಹಿಸಲು ಅದು ಬೇಕಿತ್ತು. 2009ರಲ್ಲಿ ಅದು ಬಂದಾಗ ದೊಡ್ಡ ಸುದ್ದಿ. ಈಗ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದರ ಆಸುಪಾಸು ಗುಣವಾಗುವಾಗ ಆ ಊಹೆ ಯಾಕೆ ಬೇಕು? ಸೈಟೊಕೈನ್ ಪ್ಯಾನೆಲ್, “ಇಮ್ಯುನಿಟಿ ಪ್ರೊಫೈಲ್” ಅಂತೆಲ್ಲ ಬಣ್ಣದ ಪಾಂಪ್ಲೆಟ್ ಬರುತ್ತವಲ್ಲ, ಸಂಶೋಧನೆಗೆ ಸರಿ. ಮಾತ್ರೆ ಯಾವುದು, ಎಷ್ಟು ದಿನ ಅನ್ನುವುದನ್ನು ಅವು ಬದಲಿಸಲ್ಲ.

ಮಾತ್ರೆಯ ವಿಷಯ ಚುಟುಕಾಗಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಟೆಸ್ಟ್ ಮತ್ತು ಔಷಧಿ ಎರಡೂ ಉಚಿತ. ದಾವಣಗೆರೆಯವರಾಗಲಿ ಚಿತ್ರದುರ್ಗದವರಾಗಲಿ, ಖಾಸಗಿಯಲ್ಲಿ ಪಿಸಿಆರ್‌ಗೆ ಸಾವಿರಗಟ್ಟಲೆ ಕೊಡುವ ಮೊದಲು ಜಿಲ್ಲಾ ಆಸ್ಪತ್ರೆಗೆ ಹೋಗಿ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ. ಸಿರೋಸಿಸ್ ಇಲ್ಲದವರಿಗೆ ಸೋಫೋಸ್ಬುವಿರ್ ಜೊತೆ ಡಾಕ್ಲಟಾಸ್ವಿರ್, 84 ದಿನ. ಸಿರೋಸಿಸ್ ಆಗಿದ್ದರೆ ಸೋಫೋಸ್ಬುವಿರ್ ಜೊತೆ ವೆಲ್ಪಟಾಸ್ವಿರ್. ಹೊಟ್ಟೆಯಲ್ಲಿ ನೀರು ತುಂಬುವ ಹಂತಕ್ಕೆ ಹೋಗಿದ್ದರೆ ರಿಬಾವಿರಿನ್ ಸೇರಿಸುತ್ತಾರೆ, ಅದು ಆಗದವರಿಗೆ 24 ವಾರ. ವೆಲ್ಪಟಾಸ್ವಿರ್ ತಗೊಳ್ಳುವವರು ಗ್ಯಾಸಿನ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಅದು ಔಷಧಿ ಮೈಗೆ ಹತ್ತದ ಹಾಗೆ ಮಾಡುತ್ತದೆ. ಮಂಡಕ್ಕಿ ಮಿರ್ಚಿ ತಿಂದು ಗ್ಯಾಸಿನ ಮಾತ್ರೆ ಬಾಯಿಗೆ ಹಾಕಿಕೊಳ್ಳುವ ಊರಿನವರು ನಾವು, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಕೀಲುನೋವು ಅಂದುಕೊಂಡದ್ದು

ಒಂದು ಟೆಸ್ಟಿನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಅದನ್ನು ಕೆಡಿಸುವುದು ನಮ್ಮಂಥ ಲ್ಯಾಬಿನವರೇ. ಹೆಪಟೈಟಿಸ್ ಸಿ ವರ್ಷಗಟ್ಟಲೆ ಇದ್ದರೆ ರೋಗನಿರೋಧಕ ವ್ಯವಸ್ಥೆ ಕೆರಳಿ ಕ್ರಯೋಗ್ಲೋಬುಲಿನ್ ಎಂಬ ಪ್ರೋಟೀನ್ ಮಾಡುತ್ತದೆ. ಮೊಣಕಾಲಿನ ಕೆಳಗೆ ನೇರಳೆ ಚುಕ್ಕೆ, ಕೀಲುನೋವು, ಪಾದ ಜೋಮು, ಮೂತ್ರದಲ್ಲಿ ಪ್ರೋಟೀನ್. ಇಂಥವರಿಗೆ ಸಂಧಿವಾತಕ್ಕೆ ಮಾಡುವ ಆರ್‌ಎ ಫ್ಯಾಕ್ಟರ್ ಟೆಸ್ಟ್ ಪಾಸಿಟಿವ್ ಬರುತ್ತದೆ, ನೋಡಿದವರು ಸಂಧಿವಾತ ಎಂದು ಮಾತ್ರೆ ಶುರುಮಾಡಿಬಿಡುತ್ತಾರೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಸಿ4 ಎಂಬ ರೋಗನಿರೋಧಕ ಪ್ರೋಟೀನ್ ತುಂಬಾ ಕಡಿಮೆ ಇದ್ದರೆ ಈ ಕಡೆ ಅನುಮಾನ ಪಡಬೇಕು.

ಕ್ರಯೋಗ್ಲೋಬುಲಿನ್ ತಂಪಿಗೆ ಗಟ್ಟಿಯಾಗುತ್ತದೆ, ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಹೆಪ್ಪುಗಟ್ಟಿದ ಹಾಗೆ. ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ರಕ್ತ ತೆಗೆದವನು ರೂಢಿಯಂತೆ ಟ್ಯೂಬನ್ನು ಐಸ್ ಡಬ್ಬಿಗೆ ಹಾಕಿದನೋ, ಪ್ರೋಟೀನೆಲ್ಲ ರಕ್ತದ ಗಡ್ಡೆಯ ಜೊತೆ ತಳ ಸೇರುತ್ತದೆ. ರಿಪೋರ್ಟು ನೆಗೆಟಿವ್. ಸರಿಯಾಗಿ ಮಾಡಬೇಕೆಂದರೆ ಸಿರಿಂಜು, ಟ್ಯೂಬು ಮೊದಲೇ ಬೆಚ್ಚಗಿರಬೇಕು. ನಾನು ಚಹಾ ಫ್ಲಾಸ್ಕಿನಲ್ಲಿ ನೀರು ತುಂಬಿ, ಥರ್ಮಾಮೀಟರ್ ಇಳಿಸಿ 37 ಡಿಗ್ರಿಗೆ ತಂದು ಅದರಲ್ಲಿ ಟ್ಯೂಬು ನಿಲ್ಲಿಸುತ್ತೇನೆ. ಸೀರಮ್ ಬೇರ್ಪಟ್ಟ ಮೇಲೆ ಮಾತ್ರ ಫ್ರಿಜ್. ಏಳು ದಿನದವರೆಗೂ ಕಾದು ನೋಡುತ್ತೇವೆ, ತಳದಲ್ಲಿ ಮೊಸರಿನ ಕೆನೆಯ ಹಾಗೆ ಬಿಳಿ ಪದರ ಕಂಡರೆ ಟ್ಯೂಬನ್ನು ಮತ್ತೆ ಬಿಸಿನೀರಿಗೆ ಇಳಿಸುತ್ತೇವೆ. ಕರಗಿದರೆ ಅದೇ. ಈ ಟೆಸ್ಟ್ ಬರೆದುಕೊಟ್ಟರೆ ಮನೆಗೆ ಬಂದು ಸ್ಯಾಂಪಲ್ ತಗೊಂಡು ಬೈಕಿನಲ್ಲಿ ಹೋಗುವವರಿಗೆ ಕೊಡಬೇಡಿ, ಲ್ಯಾಬಿಗೇ ಹೋಗಿ, “37 ಡಿಗ್ರಿಯಲ್ಲಿ ಇಡ್ತೀರಾ?” ಎಂದು ಕೇಳಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಯಾವುದು?

ಕೊನೆ ಮಾತ್ರೆ ನುಂಗಿ 12 ವಾರ ಆದ ಮೇಲೆ ಒಂದು ಪಿಸಿಆರ್. “ಟಾರ್ಗೆಟ್ ನಾಟ್ ಡಿಟೆಕ್ಟೆಡ್” ಎಂದು ಬಂದರೆ ಗುಣವಾಗಿದೆ ಎಂದೇ ಲೆಕ್ಕ. ಸಿರೋಸಿಸ್ ಇದ್ದವರು ಮಾತ್ರ ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನಿಂಗ್ ಮುಂದುವರಿಸಬೇಕು, ಲಿವರ್ ಕ್ಯಾನ್ಸರಿನ ಭಯ ಅವರಿಗೆ ಪೂರ್ತಿ ಹೋಗಲ್ಲ.

ಇಲ್ಲಿ ಕಾರ್ಡಿಗೂ ಎಲಿಸಾಕ್ಕೂ ಕೆಲಸವೇ ಇಲ್ಲ. ಆದರೆ ಮಾವನಿಗೆ ಆದದ್ದೇ ಇದು. ಪಿಸಿಆರ್‌ನಲ್ಲಿ ಗುಣ ಎಂದು ಬಂದು ಒಂದು ವರ್ಷದ ಮೇಲೆ ಹಲ್ಲು ಕೀಳಿಸಲು ಹೋದರು. ಅಲ್ಲಿ ಕಾರ್ಡ್ ಹಾಕಿದರು, ಎರಡು ಗೆರೆ. “ನಿಮಗೆ ವಾಪಸ್ ಬಂದಿದೆ” ಎಂದು ಹೇಳಿ ಕಳಿಸಿದರು. ಮಾವ ನಮಗೆ ಯಾರಿಗೂ ಹೇಳಲಿಲ್ಲ. ಎರಡು ತಿಂಗಳು ಕಾಮಣಿಗೆ ಕೊಡುವ ನಾಟಿ ಔಷಧಿ ಕುಡಿದು, ಉಪ್ಪು ಎಣ್ಣೆ ಬಿಟ್ಟು, ಏಳು ಕೆಜಿ ಇಳಿದ ಮೇಲೆ ಅತ್ತೆ ಫೋನು ಮಾಡಿದರು. ಮತ್ತೆ ಪಿಸಿಆರ್ ಮಾಡಿಸಿದೆ. ವೈರಸ್ ಇರಲಿಲ್ಲ, ಎಸ್‌ಜಿಪಿಟಿ ಮಾತ್ರ ಆ ಔಷಧಿಯ ಕಾಲದಲ್ಲಿ ಏರಿತ್ತು. ಬಿಟ್ಟ ಮೇಲೆ ಇಳಿಯಿತು.

ಗುಣವಾದವರು ರಕ್ತದಾನ ಶಿಬಿರದಲ್ಲಿ ಕೊಡಲು ಹೋದರೂ ರಕ್ತನಿಧಿಯವರು ಬೇಡ ಎನ್ನುತ್ತಾರೆ. ಅದು ಅವಮಾನ ಅಲ್ಲ, ಅಲ್ಲಿ ಆಂಟಿಬಾಡಿ ಇದ್ದರೆ ತಗೊಳ್ಳಬಾರದು ಎಂಬ ನಿಯಮ. ಮತ್ತೆ ತಗುಲಿರಬಹುದು ಎಂಬ ಅನುಮಾನ ಬಂದರೂ ಅಷ್ಟೇ, ಪಿಸಿಆರ್ ಮಾತ್ರ ಕೇಳಿ.

ಮಾವ ಈಗ 12ನೇ ವಾರದ ಆ ಪಿಸಿಆರ್ ರಿಪೋರ್ಟನ್ನು ಲ್ಯಾಮಿನೇಷನ್ ಮಾಡಿಸಿ ಆಧಾರ್ ಕಾರ್ಡಿನ ಜೊತೆ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾರೆ. ಯಾರಾದರೂ ಬೆರಳು ಚುಚ್ಚಲು ಬಂದರೆ ಮೊದಲು ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ.